ದೇವರು ಮೊದಲು ಅಂದರೆ ಮನೆಯವರು ಕೊನೆಗೆ ಅಂತಲ್ಲ

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನನ್ನ ಪ್ರಾರ್ಥನೆಯ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. ಮೂರು ತಿಂಗಳ ಪುಟಗಳು. ಹೆಂಡತಿಯ ಹೆಸರು ಬಂದ ಕಡೆಯೆಲ್ಲ ಪಕ್ಕದಲ್ಲಿ ಒಂದೇ ಮಾತು: ಬದಲಾಯಿಸು. ಅವಳ ಸಿಟ್ಟು ಬದಲಾಯಿಸು, ಅವಳು ಮಾತಾಡೋ ರೀತಿ ಬದಲಾಯಿಸು, ನನ್ನ ಅಮ್ಮನ ಬಗ್ಗೆ ಅವಳ ಮನಸ್ಸು ಬದಲಾಯಿಸು. ನನ್ನ ಹೆಸರಿನ ಪಕ್ಕದಲ್ಲಿ 'ತಾಳ್ಮೆ ಕೊಡು' ಅಂತಿತ್ತು. ಅಂದರೆ ಅವಳನ್ನು ಸಹಿಸಿಕೊಳ್ಳೋ ತಾಳ್ಮೆ! ಬೆಳಗ್ಗೆ ಐದಕ್ಕೆ ಎದ್ದು ಮೊಣಕಾಲೂರಿ ಇದನ್ನೆಲ್ಲ ಬರೆದವನು ನಾನೇ. ಆಗ ಯಾರಾದರೂ ಕೇಳಿದ್ದರೆ 'ನಮ್ಮ ಮನೆಯಲ್ಲಿ ದೇವರಿಗೇ ಮೊದಲ ಸ್ಥಾನ' ಅಂತ ಎದೆ ತಟ್ಟಿ ಹೇಳುತ್ತಿದ್ದೆ.

ಆ ಸ್ಥಾನದಲ್ಲಿ ದೇವರಿರಲಿಲ್ಲ. ನನ್ನ ಮಾತೇ ನಡೆಯಬೇಕು ಅನ್ನೋ ಹಟ ಇತ್ತು. ಆ ಹಟಕ್ಕೆ ದೇವರನ್ನು ಸಾಕ್ಷಿ ಹಾಕಿಕೊಂಡಿದ್ದೆ ಅಷ್ಟೇ.

ಅಲ್ಲಿಂದ ಇಲ್ಲಿಗೆ ಬರೋದರೊಳಗೆ ನಾನು ಕಲಿತದ್ದನ್ನು, ಎಡವಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಗಂಡ ಹೆಂಡತಿಗೆ ಮಾತ್ರ ಅಲ್ಲ, ಅಪ್ಪ ಅಮ್ಮ, ಮಕ್ಕಳು, ಅಕ್ಕ ತಮ್ಮ, ಸ್ನೇಹಿತರು ಎಲ್ಲರ ನಡುವೆಯೂ ಇದು ನಡೆಯುತ್ತದೆ. ಕ್ರಮ ಸ್ವಲ್ಪ ಹಿಂದೆ ಮುಂದೆ ಆದರೂ ಪರವಾಗಿಲ್ಲ. ಆದರೆ ಕ್ಷಮೆ ಕೇಳೋದನ್ನು ಹಾರಿಸಿ ನೇರವಾಗಿ 'ಇಬ್ಬರೂ ಸೇರಿ ಪ್ರಾರ್ಥನೆ ಮಾಡೋಣ' ಅನ್ನೋ ಕಡೆಗೆ ಓಡಬೇಡಿ. ನಾವು ಗಂಡಸರು ಜಾಸ್ತಿ ಮಾಡೋ ತಪ್ಪು ಅದೇ.

ಹೆಜ್ಜೆ 1: ಈಗ ಮೊದಲ ಸ್ಥಾನದಲ್ಲಿ ಯಾರಿದ್ದಾರೆ ನೋಡಿ

ಹತ್ತು ಆಜ್ಞೆಗಳು ಶುರುವಾಗೋದೇ 'ನಾನಲ್ಲದೆ ನಿನಗೆ ಬೇರೆ ದೇವರುಗಳು ಇರಬಾರದು' ಅನ್ನೋದರಿಂದ (ಸತ್ಯವೇದ, ಅಂದರೆ ಬೈಬಲ್‌ನ ವಿಮೋಚನಕಾಂಡ 20). ವಿಗ್ರಹ ಅಂದ ಕೂಡಲೇ ನಮಗೆ ಕಲ್ಲು, ಮರ ನೆನಪಾಗುತ್ತದೆ. ಪ್ರೀತಿಸುವ ಮನುಷ್ಯರು ನೆನಪಾಗುವುದಿಲ್ಲ. ಆದರೆ ಯೋಚನೆ ಮಾಡಿ. ಯಾರೋ ಒಬ್ಬರು ಮೆಸೇಜ್ ನೋಡಿಯೂ ಉತ್ತರ ಕೊಡಲಿಲ್ಲ ಅಂದರೆ ನಿಮ್ಮ ಇಡೀ ದಿನ ಹಾಳಾಗುತ್ತದೆಯಾ? ಯಾರ ಮುಖ ಸಣ್ಣದಾದರೆ ನಿಮಗೆ ಊಟ ಸೇರುವುದಿಲ್ಲ? ಯಾರ ಮೆಚ್ಚುಗೆಗೋಸ್ಕರ ನೀವು ಸುಳ್ಳು ಹೇಳೋಕೂ ತಯಾರು? ಒಂದು ಕಾಗದದಲ್ಲಿ ಆ ಹೆಸರು ಬರೆದುಕೊಳ್ಳಿ. ಯಾರಿಗೂ ತೋರಿಸಬೇಕಾಗಿಲ್ಲ.

ಆ ಹೆಸರಿನವರನ್ನು ಪ್ರೀತಿಸೋದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರ ಮೇಲೆ ಎಂಥ ಭಾರ ಹಾಕಿದ್ದೇವೆ ಅಂತ ನೋಡಬೇಕು. ನಾನು ಬೆಲೆಯುಳ್ಳವನು ಅಂತ ದಿನಾ ಸಾಬೀತು ಮಾಡಬೇಕು, ನನ್ನ ಭಯ ಹೋಗಲಾಡಿಸಬೇಕು, ನಾನು ಬಾಯಿ ಬಿಡೋಕೆ ಮುಂಚೆ ನನ್ನ ಮನಸ್ಸು ತಿಳಿಯಬೇಕು, ಯಾವತ್ತೂ ಕೈಬಿಡಬಾರದು, ಸುಸ್ತಾಗಬಾರದು. ಇದು ಮನುಷ್ಯರಿಗೆ ಆಗೋ ಕೆಲಸಾನಾ? ಹೊರಲಾರದೆ ಅವರು ಒಂದು ದಿನ ಕೂತುಬಿಡುತ್ತಾರೆ, ಆಗ ನಾವು 'ನನ್ನನ್ನು ಯಾರೂ ಅರ್ಥ ಮಾಡಿಕೊಳ್ಳಲ್ಲ' ಅಂತ ಅಳುತ್ತೇವೆ. ಯೇಸು ಎರಡು ಆಜ್ಞೆಗಳನ್ನು ಒಟ್ಟಿಗೆ ಹೇಳಿದರು, ಅದೂ ಒಂದು ಕ್ರಮದಲ್ಲಿ: ಮೊದಲು ಪೂರ್ಣ ಹೃದಯದಿಂದ ದೇವರನ್ನು ಪ್ರೀತಿಸು, ಆಮೇಲೆ ನಿನ್ನಂತೆಯೇ ನಿನ್ನ ನೆರೆಯವನನ್ನು (ಮತ್ತಾಯ 22). ಮೊದಲನೆಯದು ಸರಿಯಾದಾಗ ಎರಡನೆಯದು ಹಗುರಾಗುತ್ತದೆ. ಯಾಕೆಂದರೆ ದೇವರಿಂದ ಸಿಗಬೇಕಾದ್ದನ್ನು ಹೆಂಡತಿಯ ಹತ್ತಿರ, ಮಗನ ಹತ್ತಿರ, ಗೆಳೆಯನ ಹತ್ತಿರ ವಸೂಲಿ ಮಾಡೋದು ನಿಲ್ಲುತ್ತದೆ.

ಹೆಜ್ಜೆ 2: ದಿನಕ್ಕೆ ಹದಿನೈದು ನಿಮಿಷ, ಆದರೆ ಕದ್ದ ಸಮಯ ಬೇಡ

ಫೋನ್ ಮುಟ್ಟೋಕೆ ಮುಂಚೆ ಹದಿನೈದು ನಿಮಿಷ ಕೂತುಕೊಳ್ಳಿ. ಒಂದು ಕೀರ್ತನೆ, ಸುವಾರ್ತೆಯಿಂದ (ಯೇಸುವಿನ ಜೀವನ ಹೇಳೋ ಪುಸ್ತಕಗಳಿಂದ) ಒಂದು ಚಿಕ್ಕ ಭಾಗ, ಐದು ನಿಮಿಷ ಪ್ರಾರ್ಥನೆ. ಸಾಕು. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ ಮಾರ್ಕನಿಂದ ಶುರು ಮಾಡಿ, 16 ಅಧ್ಯಾಯ ಅಷ್ಟೇ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು.

ಮನೆಯವರ ಬಗ್ಗೆ ಪ್ರಾರ್ಥಿಸುವಾಗ ಒಂದು ನಿಯಮ ಇಟ್ಟುಕೊಳ್ಳಿ. ವಾರವಿಡೀ 'ಬದಲಾಯಿಸು' ಅನ್ನೋ ಮಾತು ಬಳಸಬೇಡಿ. ಬದಲಿಗೆ ಎರಡು ವಾಕ್ಯ. ಒಂದು, ಅವರಿಗಾಗಿ ಥ್ಯಾಂಕ್ಸ್ ಹೇಳೋದು, ಅದೂ ನಿನ್ನೆ ಅವರು ಮಾಡಿದ ಒಂದು ನಿಜವಾದ ಕೆಲಸಕ್ಕೆ. ಇನ್ನೊಂದು, 'ಇವತ್ತು ಅವರಿಗೆ ಏನು ಬೇಕು, ನನಗೆ ತೋರಿಸು' ಅಂತ ಕೇಳೋದು. ನಾನು ಇದನ್ನು ಶುರು ಮಾಡಿದ ಮೊದಲ ದಿನ ಥ್ಯಾಂಕ್ಸ್ ಹೇಳೋಕೆ ಒಂದು ವಿಷಯವೂ ತೋಚಲಿಲ್ಲ. ಅವಳು ಏನೂ ಮಾಡಿರಲಿಲ್ಲ ಅಂತಲ್ಲ, ನಾನು ನೋಡಿರಲಿಲ್ಲ. ಮರುದಿನ ಸುಮ್ನೆ ಗಮನಿಸುತ್ತಾ ಹೋದೆ, ಸಂಜೆಯೊಳಗೆ ಹನ್ನೊಂದು ಸಿಕ್ಕಿದವು.

ಈಗ ಕದ್ದ ಸಮಯದ ವಿಷಯ. ಮಾರ್ಕ 7ರಲ್ಲಿ ಯೇಸು ಒಂದು ಕಟುವಾದ ಮಾತು ಹೇಳುತ್ತಾರೆ. ಆಗ ಕೆಲವರು ಅಪ್ಪ ಅಮ್ಮನನ್ನು ನೋಡಿಕೊಳ್ಳಬೇಕಾದ ಹಣವನ್ನು 'ಕೊರ್ಬಾನ್' ಅಂದುಬಿಡುತ್ತಿದ್ದರು. ಅಂದರೆ ಇದು ದೇವರಿಗೆ ಮುಡಿಪು, ನಿಮಗೆ ಕೊಡೋಕಾಗಲ್ಲ ಅಂತ. ಕೇಳೋಕೆ ಎಷ್ಟು ಭಕ್ತಿಯ ಮಾತು! ಯೇಸು ಮಾತ್ರ ಇದನ್ನು ದೇವರ ಆಜ್ಞೆಯನ್ನು ರದ್ದು ಮಾಡೋ ಕೆಲಸ ಅಂದರು. ನಮ್ಮ ಕಾಲದ ಕೊರ್ಬಾನ್ ಸಮಯದ್ದು. ವಾರದಲ್ಲಿ ನಾಲ್ಕು ಸಂಜೆ ಪ್ರಾರ್ಥನಾ ಕೂಟ, ಗಾಯನ ತಂಡದ ಅಭ್ಯಾಸ, ಸಭೆಯ (ಚರ್ಚಿನ) ಕೆಲಸ. ಮನೆಯಲ್ಲಿ ಮಗು 'ಅಪ್ಪ ಎಲ್ಲಿ?' ಅಂದರೆ 'ದೇವರ ಕೆಲಸಕ್ಕೆ ಹೋಗಿದ್ದಾರೆ' ಅನ್ನೋ ಉತ್ತರ. ಆ ಮಗು ದೇವರ ಬಗ್ಗೆ ಏನಂದುಕೊಳ್ಳಬಹುದು ಹೇಳಿ. ನನ್ನ ಅಪ್ಪನನ್ನು ಕರೆದುಕೊಂಡು ಹೋಗೋರು ಅಂತ ಅಲ್ವಾ?

ಹಾಗಾಗಿ ನಿಮ್ಮ ವಾರದ ವೇಳಾಪಟ್ಟಿ ತೆಗೆದುಕೊಂಡು ಮನೆಯವರ ಮುಂದೆ ಇಡಿ. 'ಇದರಲ್ಲಿ ಯಾವುದು ನಿಮಗೆ ನೋವು ಕೊಡುತ್ತಿದೆ?' ಅಂತ ಕೇಳಿ. ಕೇಳಿದ ಮೇಲೆ ವಾದ ಮಾಡಬೇಡಿ. ಕಷ್ಟ, ಗೊತ್ತು.

ಹೆಜ್ಜೆ 3: ಪ್ರೀತಿಯನ್ನು ಮಾಡೋ ಕೆಲಸ ಅಂತ ಓದಿ

ಪ್ರೀತಿಯ ಬಗ್ಗೆ ಇರೋ ಅಧ್ಯಾಯ, 1 ಕೊರಿಂಥ 13, ಮದುವೆಗಳಲ್ಲಿ ಓದಿ ಓದಿ ನಮಗೆ ಸವೆದುಹೋಗಿದೆ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಅದನ್ನು ಮದುವೆಗೆ ಬರೆದದ್ದಲ್ಲ. ಕೊರಿಂಥ ಪಟ್ಟಣದಲ್ಲಿ ಕಿತ್ತಾಡುತ್ತಿದ್ದ ಸಭೆಗೆ ಬರೆದದ್ದು. 'ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ' ಅಂತ ಗುಂಪು ಕಟ್ಟಿಕೊಂಡಿದ್ದರು, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದರು, ಕರ್ತನ ಭೋಜನಕ್ಕೆ ಅಂತ ಕೂಡಿದಾಗ ಒಬ್ಬ ಹಸಿದುಕೊಂಡಿದ್ದರೆ ಇನ್ನೊಬ್ಬ ಕುಡಿದು ಅಮಲೇರಿ ಕೂತಿರುತ್ತಿದ್ದ (1 ಕೊರಿಂಥ 11). ಅಂಥವರಿಗೆ ಬರೆದ ಅಧ್ಯಾಯ ಇದು. ಮನೆಯಲ್ಲಿ ಜಗಳ ಆದ ರಾತ್ರಿ ಓದಿದರೆ ಇದರ ರುಚಿಯೇ ಬೇರೆ.

ಮೂಲ ಗ್ರೀಕಿನಲ್ಲಿ 4ರಿಂದ 7ನೇ ವಚನದವರೆಗೆ ಪೌಲ ಪ್ರೀತಿಯ ಗುಣಗಳನ್ನು ವರ್ಣಿಸುವುದಿಲ್ಲ, ಪ್ರೀತಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಕ್ರಿಯಾಪದಗಳಲ್ಲೇ ಹೇಳಿಕೊಂಡು ಹೋಗುತ್ತಾನೆ. ಅದರಲ್ಲಿ ಅಪಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ ಅನ್ನೋ ಮಾತು ಬರುತ್ತದೆಯಲ್ಲ, ಅಲ್ಲಿರೋ ಗ್ರೀಕ್ ಪದ ಲೆಕ್ಕ ಬರೆಯೋರು ಬಳಸುತ್ತಿದ್ದ ಪದ. ಖಾತೆಗೆ ಹಾಕಿಕೊಳ್ಳೋದು. ಪ್ರೀತಿ ಕೆಟ್ಟದ್ದರ ಖಾತೆ ಇಡುವುದಿಲ್ಲ. 'ಎರಡು ವರ್ಷದ ಹಿಂದೆ ನಿಮ್ಮ ತಂಗಿ ಮುಂದೆ ನನ್ನನ್ನು ಏನಂದಿರಿ ನೆನಪಿದೆಯಾ?' ಅಂತ ಹಳೇ ಲೆಕ್ಕ ತೆಗೆಯೋದು ಎಲ್ಲ ಮನೆಯಲ್ಲೂ ಇದ್ದದ್ದೇ. ನನ್ನ ಖಾತೆ ಬಹಳ ಅಚ್ಚುಕಟ್ಟಾಗಿತ್ತು, ತಾರೀಖಿನ ಸಮೇತ.

ಮಾಡಬೇಕಾದ್ದು ಇಷ್ಟು. ವಾರಕ್ಕೆ ಒಂದು ಮಾತು ಹಿಡಿದುಕೊಳ್ಳಿ. ಈ ವಾರ 'ಖಾತೆ ಇಡೋದಿಲ್ಲ', ಮುಂದಿನ ವಾರ 'ಕೊಚ್ಚಿಕೊಳ್ಳೋದಿಲ್ಲ'. ಎಲ್ಲವನ್ನೂ ಒಂದೇ ಸಲ ಹಿಡಿಯೋಕೆ ಹೋದರೆ ಬುಧವಾರದ ಹೊತ್ತಿಗೆ ಕೈ ಚೆಲ್ಲುತ್ತೀರಿ. ಒಬ್ಬರ ಹೆಸರನ್ನೂ ಆರಿಸಿಕೊಳ್ಳಿ, ಯಾಕೆಂದರೆ 'ಎಲ್ಲರನ್ನೂ ಪ್ರೀತಿಸುತ್ತೇನೆ' ಅನ್ನೋದು ಸುಲಭ, ಅತ್ತೆಯನ್ನು ಪ್ರೀತಿಸೋದು ಕಷ್ಟ. ಅಳಿಯನನ್ನು ಪ್ರೀತಿಸೋದು ಅತ್ತೆಗೂ ಅಷ್ಟೇ ಕಷ್ಟ ಅಂತ ನೆನಪಿರಲಿ.

ಹೆಜ್ಜೆ 4: ನಿಮ್ಮ ವಚನ ನೀವು ಓದಿ, ಅವರ ವಚನ ಅವರಿಗೆ ಬಿಡಿ

ಇದು ಚಿಕ್ಕ ಹೆಜ್ಜೆ, ಆದರೆ ಇಲ್ಲೇ ಎಷ್ಟೋ ಮನೆಗಳು ಮುರಿದಿವೆ. ಎಫೆಸ 5:22 ಗಂಡಂದಿರಿಗೆಲ್ಲ ಬಾಯಿಪಾಠ. ಹೆಂಡತಿಯರು ಗಂಡನಿಗೆ ಅಧೀನರಾಗಿರಬೇಕು ಅನ್ನೋದು. ಅದರ ಹಿಂದಿನ 21ನೇ ವಚನ, ಕ್ರಿಸ್ತನಿಗೆ ಭಯಪಟ್ಟು ಒಬ್ಬರಿಗೊಬ್ಬರು ಅಧೀನರಾಗಿರಿ ಅನ್ನೋದು ಎಷ್ಟು ಜನಕ್ಕೆ ನೆನಪಿದೆ? ಅತಿ ಹಳೆಯ ಗ್ರೀಕ್ ಪ್ರತಿಗಳಲ್ಲಿ 22ನೇ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ, 21ರಿಂದಲೇ ಎರವಲು ತೆಗೆದುಕೊಳ್ಳಬೇಕು. ಹಿಂದಿನದನ್ನು ಬಿಟ್ಟು ಮುಂದಿನದನ್ನು ಓದೋಕೇ ಆಗುವುದಿಲ್ಲ. ಇನ್ನೂ ಎಣಿಸಿ ನೋಡಿ. ಹೆಂಡತಿಯರಿಗೆ 3 ವಚನ, ಗಂಡಂದಿರಿಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ. ಗಂಡನಿಗೆ ಕೊಟ್ಟ ಅಳತೆಯೋ, ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟ ಹಾಗೆ.

ಇನ್ನೊಬ್ಬರಿಗೆ ಬರೆದ ವಚನವನ್ನು ಅವರ ಮುಖಕ್ಕೆ ಹಿಡಿಯೋದನ್ನು ಇವತ್ತೇ ನಿಲ್ಲಿಸಿ. ಮಕ್ಕಳ ವಿಷಯದಲ್ಲೂ ಹೀಗೇ. 'ತಂದೆತಾಯಿಗಳನ್ನು ಸನ್ಮಾನಿಸು' ಮಕ್ಕಳ ವಚನ. ನಮ್ಮದು ಅದರ ಸ್ವಲ್ಪ ಕೆಳಗಿದೆ: ಮಕ್ಕಳನ್ನು ಕೆಣಕಿ ಸಿಟ್ಟೆಬ್ಬಿಸಬೇಡಿ (ಎಫೆಸ 6:4).

ಹೆಜ್ಜೆ 5: ಸಿಟ್ಟು ಬಂದಾಗ

ಸೂರ್ಯ ಮುಳುಗೋಕೆ ಮುಂಚೆ ನಿಮ್ಮ ಸಿಟ್ಟು ತೀರಲಿ ಅಂತ ಎಫೆಸ 4:26 ಹೇಳುತ್ತದೆ. ಇದನ್ನು ಹಿಡಿದುಕೊಂಡು ರಾತ್ರಿ ಎರಡು ಗಂಟೆಯವರೆಗೆ ಹೆಂಡತಿಯನ್ನು ಮಲಗಲು ಬಿಡದೆ 'ಈಗಲೇ ಇತ್ಯರ್ಥ ಆಗಬೇಕು' ಅಂತ ಕೂತವರನ್ನು ನಾನು ಬಲ್ಲೆ. ನಾನೂ ಕೂತಿದ್ದೇನೆ. ಸಿಟ್ಟು ತೀರಲಿ ಅಂತಿದೆ, ಚರ್ಚೆ ತೀರಲಿ ಅಂತಿಲ್ಲ. ಸುಸ್ತಾಗಿರುವಾಗ ಮಾತಿಗೆ ಮಾತು ಬೆಳೆಯುತ್ತದೆ ಅಷ್ಟೇ. ಹೀಗೆ ಹೇಳಿ ನೋಡಿ: 'ನನಗೆ ಇನ್ನೂ ಬೇಜಾರಿದೆ. ಆದರೆ ನಿನ್ನ ಮೇಲೆ ದ್ವೇಷ ಇಲ್ಲ. ನಾಳೆ ಸಂಜೆ ಏಳಕ್ಕೆ ಕೂತು ಮಾತಾಡೋಣ.' ಗಂಟೆ ಹೇಳೋದು ಮುಖ್ಯ. 'ಆಮೇಲೆ ಮಾತಾಡೋಣ' ಅಂದರೆ ಯಾವತ್ತೂ ಬೇಡ ಅಂತಲೇ ಅರ್ಥ.

ನಾಳೆ ಕೂತಾಗ ಯಾಕೋಬನ ಪತ್ರದ ಕ್ರಮ ಅನುಸರಿಸಿ: ಕೇಳೋಕೆ ಬೇಗ, ಮಾತಿಗೆ ನಿಧಾನ, ಸಿಟ್ಟಿಗೆ ನಿಧಾನ (1:19). ಒಬ್ಬರು ಮುಗಿಸೋವರೆಗೆ ಇನ್ನೊಬ್ಬರು ಬಾಯಿ ಹಾಕಬಾರದು. ಆಮೇಲೆ ಕೇಳಿದವರು 'ನೀನು ಹೇಳಿದ್ದು ಇದು ತಾನೇ?' ಅಂತ ತಮ್ಮ ಮಾತಲ್ಲಿ ತಿರುಗಿ ಹೇಳಬೇಕು. ಬಹಳ ಸಲ 'ಅಯ್ಯೋ, ನಾನು ಹೇಳಿದ್ದು ಅದಲ್ಲ' ಅಂತಲೇ ಬರುತ್ತದೆ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನೊಂದು ವಿಷಯ, ಸ್ವಲ್ಪ ಚುಚ್ಚುತ್ತದೆ. ನಿನ್ನ ಸಹೋದರ ತಪ್ಪು ಮಾಡಿದರೆ ಹೋಗಿ, ನೀವಿಬ್ಬರೇ ಇರುವಾಗ ಹೇಳು ಅಂದರು ಯೇಸು (ಮತ್ತಾಯ 18:15). ಅದಾಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಅದೂ ಆಗದಿದ್ದರೆ ಸಭೆಗೆ ತಿಳಿಸು. ನಾವು ಈ ಏಣಿಯನ್ನು ತಲೆಕೆಳಗೆ ಹತ್ತುತ್ತೇವೆ. ಮೊದಲು ಹತ್ತು ಜನಕ್ಕೆ ಹೇಳಿ ಕೊನೆಗೆ ಅವರಿಗೆ ಗೊತ್ತಾಗುತ್ತದೆ, ಅದೂ ಬೇರೆಯವರ ಬಾಯಿಂದ. ವಿಶ್ವಾಸಿಗಳಾದ ನಮಗೆ ಇದಕ್ಕೊಂದು ಚೆಂದದ ಮುಸುಕೂ ಇದೆ: 'ಪ್ರಾರ್ಥನೆ ಮಾಡ್ಲಿ ಅಂತ ಹೇಳ್ತಿದ್ದೀನಿ ಅಷ್ಟೇ, ಯಾರಿಗೂ ಹೇಳಬೇಡಿ.' ಹೆಸರಿಲ್ಲದೆ ಹೇಳೋಕಾಗದ ಪ್ರಾರ್ಥನಾ ವಿಷಯವನ್ನು ದೇವರಿಗೆ ಮಾತ್ರ ಹೇಳಿ. ಒಬ್ಬ ಹಿರಿಯರ ಸಲಹೆ ಬೇಕಿದ್ದರೆ ಅದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಹೆಜ್ಜೆ 6: ಕ್ಷಮೆ ಕೇಳೋದು, ಪೂರ್ತಿ ವಾಕ್ಯದಲ್ಲಿ

ಬೆಟ್ಟದ ಪ್ರಸಂಗದಲ್ಲಿ ಒಂದು ಮಾತಿದೆ. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ಅವನ ಜೊತೆ ಒಂದಾಗು, ಆಮೇಲೆ ಬಂದು ಕೊಡು (ಮತ್ತಾಯ 5:23, 24). ಈ ಮಾತು ಕೇಳುತ್ತಿದ್ದವರು ಗಲಿಲಾಯದಲ್ಲಿದ್ದರು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ಕಾಲ್ನಡಿಗೆಯಲ್ಲಿ ಮೂರ್ನಾಲ್ಕು ದಿನದ ದಾರಿ. ಅಷ್ಟು ದೂರ ನಡೆದು ಬಂದವನಿಗೆ ವಾಪಸ್ ಹೋಗು ಅಂತಾರೆ! ದೇವರನ್ನು ಮೊದಲಿಗೆ ಇಟ್ಟುಕೊಳ್ಳೋದು ಅಂದರೆ ಏನು ಅಂತ ನನಗೆ ಅರ್ಥವಾದದ್ದು ಈ ಜಾಗದಲ್ಲೇ. ಆರಾಧನೆಯನ್ನೇ ಅರ್ಧಕ್ಕೆ ನಿಲ್ಲಿಸಿ ಮುನಿಸಿಕೊಂಡವನ ಮನೆಗೆ ಕಳಿಸುವ ದೇವರನ್ನು ಮೊದಲಿಗೆ ಇಟ್ಟರೆ ಮನೆಯವರು ಕೊನೆಗೆ ಬೀಳೋದು ಹೇಗೆ?

ಒಂದು ಸಲ ಬೆಳಗ್ಗೆ ಬಾಗಿಲು ಹಾಕಿಕೊಂಡು ಸತ್ಯವೇದ ಓದುತ್ತಿದ್ದೆ. ಮಗಳು ಬಾಗಿಲು ತಳ್ಳಿಕೊಂಡು ಬಂದಳು, ಆಗ ಅವಳಿಗೆ ಐದು ವರ್ಷ. ಒಂದು ಕಾಲಿಗೆ ಶೂ ಹಾಕಿದ್ದಾಳೆ, ಇನ್ನೊಂದು ಕೈಯಲ್ಲಿದೆ, ಲೇಸು ಗಂಟು ಬಿದ್ದಿದೆ. 'ಪ್ರಾರ್ಥನೆ ಮಾಡ್ತಿರೋದು ಕಾಣಲ್ವಾ?' ಅಂತ ಗದರಿಬಿಟ್ಟೆ. ಅವಳು ಅಳಲಿಲ್ಲ. ಬಾಗಿಲನ್ನು ಸದ್ದಾಗದ ಹಾಗೆ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಿಕೊಂಡು ಹೋದಳು. ನನ್ನ ಕೈಯಲ್ಲಿದ್ದ ಪುಟ ಚಿಕ್ಕ ಮಕ್ಕಳನ್ನು ನನ್ನ ಹತ್ತಿರ ಬರಲು ಬಿಡಿ ಅನ್ನೋ ಭಾಗ ಅಂತ ಹೇಳಿದರೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತು, ಆದರೆ ಅದು ಯಾವುದೋ ವಂಶಾವಳಿಯ ಪಟ್ಟಿಯಾಗಿತ್ತು. ಎದ್ದು ಹೋಗಿ ಅವಳ ಮುಂದೆ ನೆಲದ ಮೇಲೆ ಕೂತೆ. 'ನಾನು ಗದರಿದ್ದು ತಪ್ಪು. ನೀನು ಏನೂ ತಪ್ಪು ಮಾಡಿಲ್ಲ. ನನ್ನನ್ನು ಕ್ಷಮಿಸ್ತೀಯಾ?' ಅಂದೆ. 'ಲೇಸು ಕಟ್ಟು' ಅಂದಳು.

ಅವತ್ತಿಂದ ಆ ಮೂರು ವಾಕ್ಯಗಳೇ ನನ್ನ ಅಳತೆ. ನಾನು ಏನು ಮಾಡಿದೆ ಅಂತ ಹೆಸರು ಹಿಡಿದು ಹೇಳೋದು, ಅದರ ಹೊಣೆ ಅವರ ಮೇಲೆ ಹಾಕದಿರೋದು, ಕೇಳೋದು. 'ನಿನಗೆ ಬೇಜಾರಾಗಿದ್ದರೆ ಸಾರಿ' ಅನ್ನೋದು ಕ್ಷಮೆ ಕೇಳೋದಲ್ಲ, ಬೇಜಾರು ಮಾಡಿಕೊಂಡದ್ದು ನಿನ್ನ ತಪ್ಪು ಅಂತ ನಯವಾಗಿ ಹೇಳೋದು. 'ಸಾರಿ, ಆದರೆ ನೀನೂ' ಅಂತ ಶುರುವಾದರಂತೂ ಮುಗೀತು. ಕ್ಷಮೆ ಕೇಳಿದ ಮೇಲೆ ಅವರು ಕೂಡಲೇ 'ಪರವಾಗಿಲ್ಲ' ಅನ್ನಬೇಕು ಅಂತ ಕಾಯಬೇಡಿ. ಐದು ವರ್ಷದವರಷ್ಟು ಬೇಗ ದೊಡ್ಡವರು ಕ್ಷಮಿಸುವುದಿಲ್ಲ.

ಹೆಜ್ಜೆ 7: ಕ್ಷಮಿಸೋದು, ಮತ್ತೆ ಅದು ಏನಲ್ಲ ಅನ್ನೋದು

ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೋ ಅಂತ ಯೇಸುವಿನ ಶಿಷ್ಯ ಪೇತ್ರ ಕೇಳಿದ. ಏಳೆಪ್ಪತ್ತು ಸಲ ಅಂದರು ಯೇಸು. ಆಮೇಲೆ ಹೇಳಿದ ಸಾಮ್ಯದಲ್ಲಿ ಎರಡು ಸಾಲಗಳು ಬರುತ್ತವೆ (ಮತ್ತಾಯ 18). ಒಬ್ಬ ಸೇವಕ ಅರಸನಿಗೆ 10,000 ತಲಾಂತು ಕೊಡಬೇಕಿತ್ತು. ಅವನಿಗೆ ಇನ್ನೊಬ್ಬ ಸೇವಕ 100 ದಿನಾರಿ ಕೊಡಬೇಕಿತ್ತು. ಲೆಕ್ಕ ಹಾಕಿ ನೋಡೋಣ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತು ಸುಮಾರು 6,000 ದಿನಾರಿ. ಅಂದರೆ ಮೊದಲನೆಯವನ ಸಾಲ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ಅರಸ ಅದನ್ನು ಬಿಟ್ಟುಬಿಟ್ಟ.

ಪ್ರಸಂಗಗಳಲ್ಲಿ ಎರಡನೆಯ ಸಾಲವನ್ನು 'ಚಿಲ್ಲರೆ ಕಾಸು' ಅಂತ ಹೇಳಿಬಿಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. 100 ದಿನಾರಿ ಅಂದರೆ ಮೂರು ತಿಂಗಳಿಗಿಂತ ಜಾಸ್ತಿ ಸಂಬಳ, ಯಾರೋ ನಿಮ್ಮ ಮೂರು ತಿಂಗಳ ಸಂಬಳ ಮುಳುಗಿಸಿದರೆ ಅದು ಚಿಲ್ಲರೆನಾ? ಯೇಸು ಆ ಮೊತ್ತವನ್ನು ಸಣ್ಣದು ಮಾಡಲಿಲ್ಲ. ನಿಮಗಾದ ನೋವು ನಿಜವಾದದ್ದು, ಅದಕ್ಕೊಂದು ಬೆಲೆ ಇದೆ. ಅದನ್ನು ಬಿಟ್ಟುಕೊಡುವ ಶಕ್ತಿ ಮಾತ್ರ ಇನ್ನೊಂದು ಕಡೆಯಿಂದ ಬರಬೇಕು, ನನಗೆ ಬಿಟ್ಟದ್ದು ಎಷ್ಟು ಅನ್ನೋ ನೆನಪಿನಿಂದ. ಹಾಗಾಗಿ ಕ್ಷಮಿಸೋಕೆ ಕೂತಾಗ 'ಏನೂ ಆಗಿಲ್ಲ ಬಿಡು' ಅಂತ ನಿಮ್ಮನ್ನೇ ಮೋಸ ಮಾಡಿಕೊಳ್ಳಬೇಡಿ. ಆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ದೇವರ ಮುಂದೆ ಒಂದೊಂದೇ ಓದಿ, 'ಇದನ್ನು ವಸೂಲಿ ಮಾಡೋ ಹಕ್ಕು ಬಿಟ್ಟುಕೊಡುತ್ತೇನೆ' ಅಂತ ಹೇಳಿ. ಹಾಳೆ ಹರಿದು ಹಾಕಿ. ನಾಳೆ ಮತ್ತೆ ನೆನಪಾಗುತ್ತದೆ, ಆಗ ಮತ್ತೆ ಹೇಳಿ. ಏಳೆಪ್ಪತ್ತು ಸಲ ಅಂದದ್ದು ಒಂದೇ ತಪ್ಪಿಗೂ ಬೇಕಾಗಬಹುದು ಅಂತ ನನ್ನ ಅನುಮಾನ.

ಈಗ ನಾನು ತುಂಬಾ ನೇರವಾಗಿ ಹೇಳಬೇಕಾದ ಮಾತು. ಕ್ಷಮಿಸೋದು ಬೇರೆ, ವಾಪಸ್ ಹೋಗೋದು ಬೇರೆ. ಅರಸ ಸೌಲ ತನ್ನ ಅಳಿಯ ದಾವೀದನ ಮೇಲೆ ಈಟಿ ಎಸೆದ. ದಾವೀದ ತಪ್ಪಿಸಿಕೊಂಡು ಓಡಿದ, ಅವನ ಹೆಂಡತಿ ಮೀಕಲಳೇ ಕಿಟಕಿಯಿಂದ ಇಳಿಸಿ ಕಳಿಸಿದಳು. ಮುಂದೆ ಎರಡು ಸಲ ಸೌಲ ಅವನ ಕೈಗೆ ಸಿಕ್ಕ, ಎರಡು ಸಲವೂ ದಾವೀದ ಅವನನ್ನು ಕೊಲ್ಲಲಿಲ್ಲ. ಎರಡನೆಯ ಸಲ ಸೌಲ 'ನಾನು ಪಾಪ ಮಾಡಿದೆ, ಮಗನೇ, ತಿರುಗಿ ಬಾ' ಅಂತ ಕರೆದ. ದಾವೀದ ಏನು ಮಾಡಿದ ಗೊತ್ತಾ? ತಾನು ಎತ್ತಿಕೊಂಡು ಬಂದಿದ್ದ ಸೌಲನ ಈಟಿಯನ್ನು ತೋರಿಸಿ, ನಿನ್ನ ಸೇವಕರಲ್ಲಿ ಒಬ್ಬ ಬಂದು ತೆಗೆದುಕೊಂಡು ಹೋಗಲಿ ಅಂದ (1 ಸಮುವೇಲ 26). ಈಟಿ ವಾಪಸ್ ಕೊಟ್ಟ, ತಾನು ಮಾತ್ರ ಹೋಗಲಿಲ್ಲ. ಸೇಡು ತೀರಿಸಿಕೊಳ್ಳಲೂ ಇಲ್ಲ, ಈಟಿಯ ಅಳತೆಯೊಳಗೆ ನಿಲ್ಲಲೂ ಇಲ್ಲ.

ಮನೆಯಲ್ಲಿ ಹೊಡೆತ ಇದ್ದರೆ, ಪ್ರಾಣಕ್ಕೆ ಭಯ ಇದ್ದರೆ, ಮಕ್ಕಳ ಮೇಲೆ ಕೈ ಹೋಗುತ್ತಿದ್ದರೆ ಮೊದಲು ಅಲ್ಲಿಂದ ಹೊರಗೆ ಬನ್ನಿ. ನಂಬುವವರಿಗೆ ಹೇಳಿ, ಪೊಲೀಸರಿಗೆ ಹೇಳಿ. ತಪ್ಪು ಮಾಡುವವನಿಗೆ ಭಯ ಹುಟ್ಟಿಸೋಕೆ ಅಧಿಕಾರಿಗಳನ್ನು ಇಟ್ಟಿರೋದು ಅಂತ ರೋಮಾಪುರ 13 ಹೇಳುತ್ತದೆ. 'ಸಹಿಸಿಕೋ, ಶಿಲುಬೆ ಹೊರು' ಅಂತ ಯಾರಾದರೂ ಬುದ್ಧಿ ಹೇಳಿದರೆ ಅವರು ಎಷ್ಟೇ ದೊಡ್ಡ ಸ್ಥಾನದಲ್ಲಿದ್ದರೂ ಆ ಮಾತು ಕೇಳಬೇಡಿ. ಈ ಲೇಖನದ ಉಳಿದ ಹೆಜ್ಜೆಗಳು ಸುರಕ್ಷಿತವಾಗಿ ಇರುವವರಿಗೆ.

ಹೆಜ್ಜೆ 8: ಒಟ್ಟಿಗೆ ಪ್ರಾರ್ಥನೆ, ಎರಡೇ ನಿಮಿಷ

ಇಲ್ಲಿಗೆ ಬಂದ ಮೇಲೆ ಒಟ್ಟಿಗೆ ಪ್ರಾರ್ಥನೆ ಶುರು ಮಾಡಿ. ಉದ್ದ ಬೇಡ. ಮಲಗೋಕೆ ಮುಂಚೆ ಎರಡು ನಿಮಿಷ. ಒಬ್ಬರು ಇನ್ನೊಬ್ಬರನ್ನು ಕೇಳಬೇಕು: 'ನಾಳೆ ನಿನಗೆ ಯಾವುದು ಭಾರ ಅನ್ನಿಸ್ತಿದೆ?' ಹೇಳಿದ್ದಕ್ಕೆ ಮಾತ್ರ ಪ್ರಾರ್ಥಿಸಿ. ಪ್ರಾರ್ಥನೆಯೊಳಗೆ ಉಪದೇಶ ತೂರಿಸಬೇಡಿ. 'ಕರ್ತನೇ, ಇವಳಿಗೆ ಮಾತು ಕಡಿಮೆ ಮಾಡೋ ಕೃಪೆ ಕೊಡು' ಅಂತ ಜೋರಾಗಿ ಪ್ರಾರ್ಥಿಸೋದು ಪ್ರಾರ್ಥನೆ ಅಲ್ಲ, ಕಣ್ಣು ಮುಚ್ಚಿಕೊಂಡು ಮಾಡೋ ಜಗಳ. ಹೆಂಡತಿಯನ್ನು ಗೌರವದಿಂದ ನಡೆಸಿಕೊಳ್ಳದ ಗಂಡನ ಪ್ರಾರ್ಥನೆಗೇ ಅಡ್ಡಿಯಾಗುತ್ತದೆ ಅಂತ ಪೇತ್ರ ಬರೆದಿದ್ದಾನೆ (1 ಪೇತ್ರ 3:7), ಅವನಿಗೂ ಮದುವೆ ಆಗಿತ್ತು, ಅತ್ತೆಯೂ ಇದ್ದಳು.

ಮೊದಮೊದಲು ಮುಜುಗರ ಆಗುತ್ತದೆ. ನಾವು ಶುರು ಮಾಡಿದಾಗ ಇಬ್ಬರಿಗೂ ಮಾತು ಹೊರಡದೆ ಕರ್ತನು ಕಲಿಸಿದ ಪ್ರಾರ್ಥನೆ ಹೇಳಿ ಮಲಗಿದೆವು. ಒಂದು ವಾರ ಹಾಗೇ ನಡೆಯಿತು. 'ನಮ್ಮ ತಪ್ಪುಗಳನ್ನು ಕ್ಷಮಿಸು, ನಾವೂ ಕ್ಷಮಿಸಿದ್ದೇವೆ' ಅನ್ನೋ ಸಾಲು ಬಂದಾಗ ಇಬ್ಬರ ದನಿಯೂ ಸ್ವಲ್ಪ ತಗ್ಗುತ್ತಿತ್ತು.

ಹೆಜ್ಜೆ 9: ನಂಬಿಕೆ ಒಬ್ಬರಿಗೇ ಇದ್ದರೆ

ಮದುವೆಯಾಗದವರಿಗೆ ಮೊದಲು. ಪೌಲ ವಿಧವೆಯರಿಗೆ ಮರುಮದುವೆಯ ಬಗ್ಗೆ ಹೇಳುವಾಗ, ಇಷ್ಟ ಬಂದವರನ್ನು ಮದುವೆಯಾಗಬಹುದು, ಆದರೆ ಕರ್ತನಲ್ಲಿ ಇರುವವನನ್ನು ಮಾತ್ರ ಅಂದ (1 ಕೊರಿಂಥ 7:39). ಬೇರೆ ನಂಬಿಕೆಯವರು ಕೆಟ್ಟವರು ಅಂತ ಅದರ ಅರ್ಥವಲ್ಲ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು ಬೇರೆ ಬೇರೆ ದಿಕ್ಕಿಗೆ ಎಳೆದರೆ ಇಬ್ಬರ ಕುತ್ತಿಗೆಯೂ ತರಚುತ್ತದೆ. 'ಮದುವೆಯಾದ ಮೇಲೆ ಬದಲಾಯಿಸುತ್ತೇನೆ' ಅನ್ನೋದು ಅವರಿಗೂ ಮಾಡೋ ಅನ್ಯಾಯ. ಇನ್ನೊಂದು, ಭಾನುವಾರ ಕೈ ಎತ್ತಿ ಹಾಡೋದನ್ನು ನೋಡಿ ಮಾತ್ರ ಒಪ್ಪಿಕೊಳ್ಳಬೇಡಿ. ತಮಗೆ ಏನೂ ಲಾಭ ಇಲ್ಲದ ಕಡೆ ಹೇಗೆ ಮಾತಾಡುತ್ತಾರೆ, 'ಇಲ್ಲ' ಅಂದಾಗ ಮುಖ ಹೇಗಾಗುತ್ತದೆ ನೋಡಿ.

ಈಗಾಗಲೇ ಮದುವೆಯಾಗಿ ಜೊತೆಗಾರರಿಗೆ ನಂಬಿಕೆ ಇಲ್ಲದಿದ್ದರೆ ಅದೇ ಅಧ್ಯಾಯ ಬೇರೆ ಮಾತು ಹೇಳುತ್ತದೆ: ಅವರು ಜೊತೆಯಲ್ಲಿರಲು ಒಪ್ಪಿದರೆ ಬಿಡಬೇಡಿ. ದಿನಾ ಬೋಧನೆ ಮಾಡಿ ತಲೆ ತಿನ್ನಬೇಡಿ. ಮಾತಿಲ್ಲದೆಯೇ ನಡತೆಯಿಂದ ಗೆಲ್ಲಬಹುದು ಅಂತ ಪೇತ್ರ ಬರೆದದ್ದು ಇಂಥವರಿಗೇ (1 ಪೇತ್ರ 3:1). ಫ್ರಿಜ್ಜಿನ ಮೇಲೆಲ್ಲ ವಚನದ ಚೀಟಿ ಅಂಟಿಸೋದೂ ಮಾತೇ, ನೆನಪಿರಲಿ.

ಹೆಜ್ಜೆ 10: ಒಬ್ಬಂಟಿಯಾಗಿ ಮಾಡಬೇಡಿ, ಬೇಗ ಆಗಲಿ ಅಂತಲೂ ಅನ್ನಬೇಡಿ

ಫಿಲಿಪ್ಪಿಯ ಸಭೆಯಲ್ಲಿ ಯುವೊದ್ಯ, ಸಂತುಕೆ ಅನ್ನೋ ಇಬ್ಬರು ಹೆಂಗಸರಿಗೆ ಆಗಿ ಬರುತ್ತಿರಲಿಲ್ಲ. ಇಬ್ಬರೂ ಸುವಾರ್ತೆಗಾಗಿ ಪೌಲನ ಜೊತೆ ದುಡಿದವರೇ. ಪೌಲ ಪತ್ರದಲ್ಲಿ ಇಬ್ಬರನ್ನೂ ಹೆಸರು ಹಿಡಿದು ಬೇಡಿಕೊಳ್ಳುತ್ತಾನೆ, ಮೂರನೆಯ ಒಬ್ಬರಿಗೆ 'ಇವರಿಗೆ ಸಹಾಯ ಮಾಡು' ಅನ್ನುತ್ತಾನೆ (ಫಿಲಿಪ್ಪಿ 4:2, 3). ನಿಮಗೂ ಅಂಥ ಮೂರನೆಯವರು ಒಬ್ಬರು ಬೇಕು. ನಿಮ್ಮಿಬ್ಬರಿಗೂ ಒಪ್ಪಿಗೆಯಾದ ಹಿರಿಯರು, ಗುಟ್ಟು ಉಳಿಸಿಕೊಳ್ಳುವವರು, ನಿಮಗೂ 'ನಿನ್ನದು ತಪ್ಪು' ಅಂತ ಹೇಳೋ ಧೈರ್ಯ ಇರುವವರು. ಪಾಸ್ಟರೇ ಆಗಬೇಕು ಅಂತಿಲ್ಲ. ಕುಡಿತ, ಖಿನ್ನತೆ, ಹಳೆಯ ಗಾಯಗಳಂಥ ವಿಷಯವಾದರೆ ಆಪ್ತ ಸಮಾಲೋಚಕರನ್ನು, ಡಾಕ್ಟರನ್ನು ನೋಡಿ. ಅದು ನಂಬಿಕೆ ಕಡಿಮೆ ಅನ್ನೋದರ ಗುರುತಲ್ಲ. ಲೂಕನೂ ವೈದ್ಯನೇ, ಪೌಲ ಅವನನ್ನು ಪ್ರಿಯ ವೈದ್ಯ ಅಂತಲೇ ಕರೆದಿದ್ದಾನೆ.

ಇಷ್ಟೆಲ್ಲ ಮಾಡಿದರೂ ಕೆಲವು ಸಂಬಂಧಗಳು ನಿಮ್ಮ ಲೆಕ್ಕಕ್ಕೆ ಸರಿಯಾಗಿ ಸರಿಹೋಗುವುದಿಲ್ಲ. ಪೌಲ ಮತ್ತು ಬಾರ್ನಬ ಎಷ್ಟು ಹತ್ತಿರದವರು! ಯಾರೂ ಪೌಲನನ್ನು ನಂಬದಿದ್ದಾಗ ಕೈ ಹಿಡಿದು ಕರೆದುಕೊಂಡು ಹೋದವನು ಬಾರ್ನಬ. ಅವರೇ ಮಾರ್ಕ ಅನ್ನೋ ಹುಡುಗನ ವಿಷಯಕ್ಕೆ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು (ಅಪೊಸ್ತಲರ ಕೃತ್ಯಗಳು 15). ಅರ್ಧ ದಾರಿಯಲ್ಲಿ ಕೈಕೊಟ್ಟು ಹೋದವನನ್ನು ಮತ್ತೆ ಯಾಕೆ ಕರೆದುಕೊಂಡು ಹೋಗಬೇಕು ಅಂತ ಪೌಲನ ವಾದ. ಸತ್ಯವೇದ ಆ ಜಗಳವನ್ನು ಮುಚ್ಚಿಡಲಿಲ್ಲ, ಯಾರು ಸರಿ ಅಂತ ತೀರ್ಪೂ ಕೊಡಲಿಲ್ಲ.

ವರ್ಷಗಳು ಕಳೆದವು. ಪೌಲ ಸೆರೆಮನೆಯಲ್ಲಿದ್ದ, ತನ್ನ ಓಟ ಮುಗಿಯಿತು ಅಂತ ಅವನಿಗೆ ಗೊತ್ತಿತ್ತು. ಎಲ್ಲಕ್ಕಿಂತ ಮೊದಲು ಕ್ರಿಸ್ತ ಅಂತ ಬದುಕಿದ ಮನುಷ್ಯ. ಅಂಥವನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಪತ್ರದ ಕೊನೆಯಲ್ಲಿ ಕೇಳಿಕೊಂಡದ್ದು ಕೆಲವೇ ಸಂಗತಿ: ತ್ರೋವದಲ್ಲಿ ಬಿಟ್ಟು ಬಂದ ನನ್ನ ಮೇಲಂಗಿ ತಗೊಂಡು ಬಾ, ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆ ಬರೋಕೆ ಪ್ರಯತ್ನ ಮಾಡು. ಬರುವಾಗ ಮಾರ್ಕನನ್ನೂ ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗ ಇದೆ.